ಕೆರೆ ದಾಟಿದವಳ ಅಣ್ಣ

ಏಪ್ರಿಲ್ 3, ಬುಧವಾರ

ಎಷ್ಟು ಹೆಜ್ಜೆ ನಡೆದೆ, ಎಲ್ಲಿ ನೋವಾಯಿತು ಎಂದು ದಿನವೂ ಬರೆದಿಡಲು ಡಾಕ್ಟರು ಹೇಳಿದ್ದಾರೆ. ಮಗಳು ಈ ಪುಸ್ತಕ ತಂದುಕೊಟ್ಟು ಹೋದಳು. ಶಾಲೆ ಬಿಟ್ಟ ಮೇಲೆ ಇಷ್ಟು ದಪ್ಪ ಪುಸ್ತಕ ನನ್ನ ಕೈಗೆ ಬಂದಿರಲಿಲ್ಲ.

ಇವತ್ತು: ಮಂಚದಿಂದ ಬಚ್ಚಲುಮನೆಗೆ ಹನ್ನೊಂದು ಹೆಜ್ಜೆ, ವಾಪಸ್ ಹನ್ನೊಂದು. ಒಂದೇ ಸಲ. ನನ್ನ ಕಾಲು ಎರಡು, ವಾಕರಿನದು ನಾಲ್ಕು. ಒಟ್ಟು ಆರು ಕಾಲಿನ ಪ್ರಾಣಿ ನಾನೀಗ. ನೋವು: ಬರೆಯುವಂಥದ್ದೇನಿಲ್ಲ. (ಸುಳ್ಳು.)

ನಲವತ್ತೊಂದು ವರ್ಷ ಸಾರುವೆಯ ಮೇಲೆ ನಿಂತು ಗೋಡೆ ಎತ್ತಿದವನು ನಾನು. ನಾಲ್ಕನೇ ಮಹಡಿಯ ಎತ್ತರದಲ್ಲಿ ಬುತ್ತಿ ಬಿಚ್ಚಿ ಉಂಡವನು. ಒಮ್ಮೆಯೂ ಕಾಲು ಜಾರಲಿಲ್ಲ. ಕೊನೆಗೆ ಬಿದ್ದದ್ದು ಎಲ್ಲಿಂದ? ನಮ್ಮದೇ ಕಾಂಪೌಂಡಿನ ಬಳ್ಳಿ ಕತ್ತರಿಸಲು ಹತ್ತಿದ ಏಣಿಯ ಮೂರನೇ ಮೆಟ್ಟಿಲಿನಿಂದ. ತೊಡೆಯ ಮೂಳೆ ಎರಡಾಯಿತು. ಒಳಗೆ ಸ್ಟೀಲಿನ ಸರಳು ಹಾಕಿದ್ದಾರೆ. ಎಕ್ಸ್‌ರೇ ನೋಡಿದೆ. ಸರಳು ನೆಟ್ಟಗಿದೆ, ಕೆಲಸ ಅಚ್ಚುಕಟ್ಟಾಗಿದೆ. ಡಾಕ್ಟರಿಗೆ ಹಾಗೆಂದು ಹೇಳಿಯೂ ಬಿಟ್ಟೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತು ನನಗೆ ಒಪ್ಪುತ್ತದೆ. ಬಿದ್ದದ್ದು ಅಂಗಾತ.

ಏಪ್ರಿಲ್ 5, ಶುಕ್ರವಾರ

ಪುಕ್ಕಲಿ ಬಂದಳು. ನನ್ನ ತಂಗಿ. ನನಗಿಂತ ಐದು ವರ್ಷಕ್ಕೆ ಚಿಕ್ಕವಳು, ಅರವತ್ತೆರಡು. ಬಟ್ಟೆ ಗಿರಣಿಯಲ್ಲಿ ಮೂವತ್ತನಾಲ್ಕು ವರ್ಷ ದೀಪದ ಕೆಳಗೆ ನಿಂತು ಥಾನುಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವಳು. ಮದುವೆಯಾಗಲಿಲ್ಲ. ಗಿರಣಿಯ ಊರಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಚಿಕ್ಕವಳಿದ್ದಾಗ ಗುಡುಗಿಗೆ ಹೆದರುತ್ತಿದ್ದಳು, ಸೇತುವೆಗೆ ಹೆದರುತ್ತಿದ್ದಳು, ಟಗರಿಗೆ, ಬಾವಿಗೆ, ಬ್ಯಾಂಡಿನವರಿಗೆ. ಅದಕ್ಕೇ ಆ ಹೆಸರು.

ಬಂದವಳೇ ಮನೆಯೆಲ್ಲ ಒಂದು ಸುತ್ತು ನೋಡಿದಳು.

"ಗೋಡೆ ಚೆನ್ನಾಗಿದೆ ಅಣ್ಣ. ಆದ್ರೆ ಪರದೆಗಳ ಉದ್ದ ಒಂದೇ ಸಮ ಇಲ್ಲ."

"ಗೋಡೆ ನಂದು, ಪರದೆ ನಂದಲ್ಲ" ಎಂದೆ.

ನಾನು ಕರೆದರೆ ಕೇಳಿಸಲಿ ಎಂದು ನಡುಮನೆಯಲ್ಲೇ ಹಾಸಿಗೆ ಹಾಸಿಕೊಂಡಿದ್ದಾಳೆ. ನಾನು ಕರೆಯುವವನಲ್ಲ.

ಹೆಜ್ಜೆ: ಮೂವತ್ತು.

ಏಪ್ರಿಲ್ 9, ಮಂಗಳವಾರ

ಹೆಜ್ಜೆ: ಮೂವತ್ತೆಂಟು. ಅಂಗಳದ ಗೇಟಿನವರೆಗೆ. ಗೇಟು ಹಿಡಿದು ನಿಂತು ಬೀದಿ ನೋಡಿದೆ.

ಈ ಬಡಾವಣೆಗೆ ನಲವತ್ತೈದು ವರ್ಷ. ನಮ್ಮ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತು ನನ್ನ ಕೈಯವು. ಒಂದರಲ್ಲೂ ಬಿರುಕಿಲ್ಲ. ಆಗ ಬೆರಳು ದಪ್ಪದ ಸಸಿಗಳನ್ನು ನೆಟ್ಟಿದ್ದರು, ಅವು ಈಗ ಮಾಳಿಗೆ ಮೀರಿ ಬೆಳೆದು ಕಾಲುದಾರಿಯ ಕಲ್ಲುಗಳನ್ನು ಬೇರಿನಿಂದ ಎತ್ತುತ್ತಿವೆ. ಬೀದಿ ಮುಗಿದಲ್ಲಿ ಮರದ ಗೇಟು, ನಾವು ಅದಕ್ಕೆ ಕಾಡಿನ ಬಾಗಿಲು ಎನ್ನುತ್ತೇವೆ. ಒಳಗೆ ಹದಿನೈದು ನಿಮಿಷ ನಡೆದರೆ ಕೆರೆ. ರಜೆ ಬಂತೆಂದರೆ ಎಲ್ಲೆಲ್ಲಿಂದಲೋ ಜನ ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಬರುತ್ತಾರೆ. ಅವರು ರಜೆ ಹಾಕಿ ಬರುವ ಜಾಗದಲ್ಲಿ ನಾವು ದಿನವೂ ಇರುತ್ತೇವೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಪುಕ್ಕಲಿಗೂ ಹೇಳಿದೆ. "ನೀನು ಕೆರೆಗೆ ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು.

ಹೆಂಡತಿ ತೀರಿಕೊಂಡ ಮೇಲೆ ಹೋಗಿಲ್ಲ. ಆರು ವರ್ಷ. ಹಾಗೆ ಹೇಳಲಿಲ್ಲ. "ಕಾಲು ಮುರಿದಿದೆ, ಕಾಣಲ್ವಾ?" ಎಂದೆ.

ಏಪ್ರಿಲ್ 19, ಶುಕ್ರವಾರ

ಬೆಳಗಿನ ಹೊತ್ತು ಒಂದು ಗಂಟೆ ಪುಕ್ಕಲಿ ಮನೆಯಲ್ಲಿರುವುದಿಲ್ಲ. ವಾಕಿಂಗ್ ಎನ್ನುತ್ತಾಳೆ. ಇವತ್ತು ಬಂದಾಗ ಕೂದಲು ಒದ್ದೆ.

"ವಾಕಿಂಗ್ ಹೋದ್ರೆ ಕೂದಲು ಒದ್ದೆಯಾಗುತ್ತಾ?"

"ಬೆವರು" ಎಂದಳು.

ಅವಳು ಹೋಗುವ ದಿಕ್ಕು ನೋಡೋಣವೆಂದು ನಾಳೆ ಮೂಲೆಯ ದೀಪದ ಕಂಬದವರೆಗಾದರೂ ಹೋಗಬೇಕು.

ಏಪ್ರಿಲ್ 20, ಶನಿವಾರ

ದೀಪದ ಕಂಬದವರೆಗೆ ಹೋದೆ. ಕಾಡಿನ ಬಾಗಿಲು ದಾಟಿ ಒಳಗೆ ಹೋದಳು, ಕಂಕುಳಲ್ಲಿ ಟವೆಲು. ಪಕ್ಕದ ಮನೆಯ ಪೋಸ್ಟ್‌ಮಾಸ್ತರರು ನಿವೃತ್ತಿಯಾಗಿ ಹತ್ತು ವರ್ಷವಾದರೂ ಬೀದಿಯ ಸುದ್ದಿ ಹಂಚುವುದನ್ನು ಬಿಟ್ಟಿಲ್ಲ. ಅವರು ಕಾಂಪೌಂಡಿನ ಆಚೆಯಿಂದ ಹೇಳಿದರು:

"ಗೊತ್ತಿಲ್ವಾ ಮೇಸ್ತ್ರಿಗಳೇ? ನಿಮ್ಮ ತಂಗಿ ಈಜು ಕಲೀತಾ ಇದಾರೆ. ದೋಣಿಯಮ್ಮನ ಹತ್ರ."

ದೋಣಿಯಮ್ಮ ಎಂದರೆ ಕೆರೆಯ ದಡದಲ್ಲಿ ಬಾಡಿಗೆ ದೋಣಿಗಳನ್ನು ಇಟ್ಟುಕೊಂಡಿರುವಾಕೆ. ಬೆಳಿಗ್ಗೆ ಹೆಂಗಸರಿಗೆ ಈಜು ಹೇಳಿಕೊಡುತ್ತಾಳಂತೆ.

ಮೂಗಿನ ಮೇಲೆ ಬೆರಳಿಟ್ಟುಕೊಳ್ಳಲು ಕೈ ಖಾಲಿ ಇರಲಿಲ್ಲ, ಎರಡೂ ವಾಕರಿನ ಮೇಲಿದ್ದವು. ಬಾವಿ ಕಂಡರೆ ಅಳುತ್ತಿದ್ದವಳು! ಅರವತ್ತಕ್ಕೆ ಅರಳು ಮರಳು ಎನ್ನುವುದು ಸುಮ್ಮನೆ ಅಲ್ಲ. ಎರಡು ದಿನದಲ್ಲಿ ಬಿಡುತ್ತಾಳೆ.

ಮೇ 5, ಭಾನುವಾರ

ಬಿಟ್ಟಿಲ್ಲ.

ಮಗಳು ಬಂದಿದ್ದಳು. ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆಯ ಹತ್ತಿರ ಒಂದು ಫ್ಲಾಟು ಇದೆಯಂತೆ. ಲಿಫ್ಟ್ ಇದೆ, ಮೆಟ್ಟಿಲಿಲ್ಲ, ಬಚ್ಚಲಲ್ಲಿ ಹಿಡಿಕೆಗಳಿವೆ.

"ಅಪ್ಪ, ಈ ಮನೇಲಿ ಮತ್ತೆ ಬಿದ್ರೆ? ಅತ್ತೆ ಎಷ್ಟು ದಿನ ಅಂತ ಇಲ್ಲೇ ಇರ್ತಾರೆ?"

ತಪ್ಪು ಅವಳದ್ದಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದವಳು. ಜುಲೈ ಕೊನೆಯ ಹೊತ್ತಿಗೆ ಡಾಕ್ಟರು ನೋಡಿ, ಒಬ್ಬನೇ ಓಡಾಡಬಲ್ಲ ಎಂದರೆ ಇಲ್ಲಿ. ಇಲ್ಲವೆಂದರೆ ಅಲ್ಲಿ. ಹಾಗೆಂದು ಮಾತಾಯಿತು. ನಾನು ಒಪ್ಪಿದೆ. ಒಪ್ಪಿದ ಮೇಲೆ ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತೆ. ಈ ಗೋಡೆ ಎತ್ತಿದಾಗ ನನಗೆ ಇಪ್ಪತ್ತೊಂಬತ್ತು.

ಹೆಜ್ಜೆ: ನೂರ ತೊಂಬತ್ತು. ಸಾಲದು.

ಮೇ 14, ಮಂಗಳವಾರ

ವಾರಕ್ಕೆರಡು ಸಲ ಬಂದು ಕಾಲು ಮಡಿಸಿ ಬಿಡಿಸಿ ಹಿಂಸೆ ಕೊಡುವ ಫಿಸಿಯೋ ಮೇಡಂ ಇವತ್ತು ಕೋಲು ಕೊಟ್ಟರು. ವಾಕರ್ ಬೇಡವಂತೆ, ಆದರೆ ದೂರ ಹೋಗುವಾಗ ಇರಲಿ ಎಂದರು. ಬಂದಾಗಲೆಲ್ಲ ದಿನದಿನದ ಹೆಜ್ಜೆಯ ಲೆಕ್ಕ ಜೋರಾಗಿ ಓದಿ ಹೇಳಬೇಕು ಅವರಿಗೆ. ನಾನು ಓದುವಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತದೆ. ಪುಕ್ಕಲಿ ಕೇಳಿಸಿಕೊಳ್ಳುತ್ತಾಳೆ. ಏಕೋ ಗೊತ್ತಿಲ್ಲ.

ಮೇ 23, ಗುರುವಾರ

ಜಗಳ.

ಪ್ರತಿ ವರ್ಷ ಜುಲೈನಲ್ಲಿ ಕೆರೆಯ ಕಿರಿದಾದ ಕಡೆ ಈ ದಡದಿಂದ ಆ ದಡಕ್ಕೆ ಈಜುತ್ತಾರೆ. ಏಳುನೂರು ಮೀಟರು. ಬಡಾವಣೆ ಶುರುವಾದಾಗಿನಿಂದ ಇದೆ. ನಾನೂ ಮೂರು ವರ್ಷ ದಾಟಿದ್ದೇನೆ. ಈ ಸಲದ ಪಟ್ಟಿಯಲ್ಲಿ ಅವಳು ಹೆಸರು ಬರೆಸಿದ್ದಾಳಂತೆ. ಹೇಳಿದ್ದು ಅವಳಲ್ಲ, ಪೋಸ್ಟ್‌ಮಾಸ್ತರರು.

ಅವಳು ತರಕಾರಿ ಹೆಚ್ಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೇ ಶುರು ಮಾಡಿದೆ.

"ನೀನು ಮುಳುಗಿದ್ರೆ ಯಾರು ಎತ್ತೋದು? ನಾನಾ? ಈ ಕಾಲಲ್ಲಾ?"

"ನನ್ನ ಎತ್ತು ಅಂತ ನಿನ್ನ ಕರೆದ್ನಾ?"

"ಜನ ನಗ್ತಾರೆ ಕಣೇ. ನಲವತ್ತು ವರ್ಷದಿಂದ ಈ ಬೀದೀಲಿ ತಲೆ ಎತ್ತಿ ಓಡಾಡಿದೀನಿ. ಮೇಸ್ತ್ರಿ ತಂಗಿ ಕೆರೆ ಮಧ್ಯ ಕೈಕಾಲು ಬಡೀತಾ ಇದ್ಲು ಅಂತ ಆಡ್ಕೊಳ್ಳೋ ಹಾಗೆ ಮಾಡ್ಬೇಡ."

ಅವಳು ಚಾಕು ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಧ್ವನಿ ಏರಲಿಲ್ಲ.

"ಅಣ್ಣ, ನಂಗೆ ಒಂಬತ್ತು ವರ್ಷ, ನಿಂಗೆ ಹದಿನಾಲ್ಕು. ನೀನು ಹೊಳೆಗೆ ಹೊರಟಿದ್ದೆ. ನಾನೂ ಬರ್ತೀನಿ ಅಂತ ಅಂಗಿ ಹಿಡ್ಕೊಂಡೆ. ನಾಳೆ ಕಲಿಸ್ತೀನಿ ಬಿಡು ಅಂದೆ. ಐವತ್ತಮೂರು ವರ್ಷ ಆಯ್ತು. ಆ ನಾಳೆ ಬರ್ಲೇ ಇಲ್ಲ. ಅದಕ್ಕೆ ನಾನೇ ಹೋಗಿ ಕರ್ಕೊಂಡು ಬಂದೆ."

ಆಮೇಲೆ ಮತ್ತೆ ಚಾಕು ಎತ್ತಿಕೊಂಡು ಹೆಚ್ಚತೊಡಗಿದಳು. ನನಗೆ ಅಂಥದ್ದೊಂದು ದಿನ ನೆನಪೇ ಇಲ್ಲ.

ಮೇ 24, ಶುಕ್ರವಾರ

ಮಾತಿಲ್ಲ. ತಟ್ಟೆ ಬರುತ್ತದೆ, ತಟ್ಟೆ ಹೋಗುತ್ತದೆ.

ಮೇ 25, ಶನಿವಾರ

ಇವತ್ತೂ ಇಲ್ಲ. ಹೆಜ್ಜೆ ಬರೆದಿಲ್ಲ.

ಮೇ 26, ಭಾನುವಾರ

ನೆನಪಾಯಿತು. ಅಂಗಿ ಹಿಡಿದದ್ದಲ್ಲ, ಸಂಜೆಯದ್ದು. ನಾನು ಹೊಳೆಯಿಂದ ಬಂದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. "ನಾಳೆ ಅಂದ್ರೆ ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ನಾನು ನಕ್ಕು ತಲೆಯ ಮೇಲೆ ಒಂದು ಕುಟ್ಟಿ ಒಳಗೆ ಹೋದೆ. ಅವತ್ತೇ ಇರಬೇಕು ಪುಕ್ಕಲಿ ಎಂದು ಹೆಸರಿಟ್ಟದ್ದು. ನೀರಿಗೆ ಕರೆದುಕೊಂಡು ಹೋಗದೆ, ನೀರಿಗೆ ಹೆದರುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ಬಂದೆ.

ಊಟಕ್ಕೆ ಕೂತಾಗ, "ನೀರಲ್ಲಿ ಕಾಲು ಹೊಡೆಯೋವಾಗ ಮಂಡಿ ಜಾಸ್ತಿ ಮಡಿಸ್ಬೇಡ. ಸೊಂಟದಿಂದ ಬರ್ಬೇಕು" ಎಂದೆ.

ಅವಳು ಸೌಟು ಎತ್ತಿಕೊಂಡಳು. "ಇನ್ನೊಂಚೂರು ಬಡಿಸ್ಲಾ?" ಎಂದಳು.

ಜೂನ್ 9, ಭಾನುವಾರ

ಎಂಟು ಗಂಟೆಗೆ ಬರುವವಳು ಎಂಟೂವರೆಯಾದರೂ ಬರಲಿಲ್ಲ. ನೋಡೋಣವೆಂದು ಕಾಡಿನ ಬಾಗಿಲವರೆಗೆ ಹೋದೆ. ಅಲ್ಲಿಯೂ ಇಲ್ಲ. ಬಾಗಿಲಿನ ಒಳಗಿನ ಬೆಂಚಿನವರೆಗೆ ಹೋದೆ. ಇಲ್ಲ. ಮುಂದಿನ ತಿರುವಿನಲ್ಲಿ ಕಾಣಬಹುದು ಎಂದುಕೊಂಡೆ. ಹೀಗೇ ಒಂದೊಂದು ತಿರುವು ದಾಟಿ ಕೆರೆಯ ದಡದಲ್ಲಿ ನಿಂತಿದ್ದೆ.

ಆರು ವರ್ಷದಲ್ಲಿ ಕೆರೆ ಏನೂ ಬದಲಾಗಿಲ್ಲ. ಆಚೆ ದಡದ ಮರಗಳು, ನೀರಿಗೆ ಚಾಚಿದ ಹಲಗೆಯ ಕಟ್ಟೆ, ಸೈಕಲ್ಲು ಒರಗಿಸಿಟ್ಟ ಬೇಲಿ, ಮರಳಿನಲ್ಲಿ ಹರಡಿದ ಟವೆಲುಗಳು. ಬದಲಾದದ್ದು ಒಂದೇ: ಅಷ್ಟು ದೂರದಲ್ಲಿ, ಕಾಲು ನಿಲುಕದ ನೀರಿನಲ್ಲಿ, ನನ್ನ ತಂಗಿ.

ಕೈ ಎತ್ತುವುದು ಅಂದವಾಗಿದೆ. ಉಸಿರು ಮಾತ್ರ ಇನ್ನೂ ಚಿಕ್ಕದು, ಎರಡು ಸಲ ಕೈ ಬೀಸಿದರೆ ಒಂದು ಉಸಿರು. ಮೂರಕ್ಕೆ ತರಬೇಕು. ಪಕ್ಕದಲ್ಲಿ ಒಬ್ಬಾಕೆ ಬಂದು ನಿಂತಳು. ಬಿಸಿಲಿಗೆ ಕಪ್ಪಾದ ಮುಖ, ಕೈಯಲ್ಲಿ ಹುಟ್ಟು. ದೋಣಿಯಮ್ಮ.

"ನೀವು ಮೇಸ್ತ್ರಿ ಅಲ್ವಾ? ಅವರು ದಿನಾ ನಿಮ್ಮ ವಿಷಯಾನೇ ಹೇಳ್ತಾರೆ."

"ಏನಂತೆ?"

"ನಮ್ಮಣ್ಣನಂಥ ಹಟಮಾರಿ ಇನ್ನೊಬ್ಬನಿಲ್ಲ ಅಂತ. ನೀವು ಎಷ್ಟು ಹೆಜ್ಜೆ ಇಡ್ತೀರೋ ಅಷ್ಟು ಸಲ ಕೈ ಬೀಸದೆ ನೀರಿಂದ ಏಳಲ್ಲ ಅವರು. ನೀವು ಇನ್ನೂರು ಅಂದ್ರೆ ಇನ್ನೂರು. ಮೊನ್ನೆ ನಾನೂರು ನಡೆದ್ರಂತಲ್ಲ, ಅವತ್ತು ಬೆರಳೆಲ್ಲ ಸುಕ್ಕುಗಟ್ಟೋವರ್ಗೂ ಮೇಲೆ ಬರ್ಲಿಲ್ಲ. ಸ್ವಲ್ಪ ಕಮ್ಮಿ ನಡೀರಿ ಸ್ವಾಮಿ, ನಾನೂ ತಿಂಡಿ ತಿನ್ಬೇಕು."

ನೀರು ನೋಡುತ್ತ ನಿಂತೆ.

ಜೂನ್ 11, ಮಂಗಳವಾರ

ಫಿಸಿಯೋ ಮೇಡಂ "ವಾಕರ್ ಎಲ್ಲಿ?" ಎಂದು ಕೇಳಿದರು. ಮನೆಯೆಲ್ಲ ಹುಡುಕಿದೆವು. ಸಿಗಲಿಲ್ಲ. ಆಮೇಲೆ ಪೋಸ್ಟ್‌ಮಾಸ್ತರರು ತಂದುಕೊಟ್ಟರು. ಭಾನುವಾರದಿಂದ ಕಾಡಿನ ಬಾಗಿಲಿಗೆ ಒರಗಿಕೊಂಡು ನಿಂತಿತ್ತಂತೆ. ಯಾರೋ ತೆಗೆದುಕೊಂಡು ಹೋಗಿ ಬಿಟ್ಟಿರಬೇಕು.

ಅವಳು ಇವತ್ತು ಮುನ್ನೂರು ಮೀಟರು, ನಡುವೆ ಎಲ್ಲೂ ನಿಲ್ಲದೆ.

ಜೂನ್ 27, ಗುರುವಾರ

ನಾನೂರೈವತ್ತು. ಉಸಿರು ಮೂರಕ್ಕೆ ಬಂದಿದೆ. ನಾನು ದಡದಲ್ಲಿ ಕೂತು ಎಣಿಸಿದೆ. ಹೇಳಿದರೆ ಕೇಳುತ್ತಾಳೆ, ಅದು ದೊಡ್ಡ ಗುಣ. ನನ್ನ ಕೈಕೆಳಗೆ ಇಂಥವರು ನಾಲ್ಕು ಜನ ಇದ್ದಿದ್ದರೆ ಇಡೀ ಬೀದಿಯನ್ನೇ ಕಟ್ಟುತ್ತಿದ್ದೆ.

ಬರುವಾಗ ಕಾಡಿನ ದಾರಿಯಲ್ಲಿ ಗಿರಣಿಯ ಕಥೆ ಹೇಳಿದಳು. ದಿನಕ್ಕೆ ಎರಡು ಸಾವಿರ ಮೀಟರು ಬಟ್ಟೆ ಕಣ್ಣ ಮುಂದೆ ಹರಿಯುತ್ತಿತ್ತಂತೆ. "ನೀರಿನ ಥರಾನೇ ಹರೀತಿತ್ತು ಅಣ್ಣ. ಮೂವತ್ತನಾಲ್ಕು ವರ್ಷ ನೋಡಿದ್ದೇ ಬಂತು. ಒಳಗೆ ಇಳೀಬೇಕು ಅನ್ಸೋದು." ನಾನು ಇದುವರೆಗೆ ಅವಳ ಕೆಲಸದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು. ನನ್ನ ಒಂಬತ್ತು ಮನೆಗಳ ಅಡಿಪಾಯದ ಆಳ ಅವಳಿಗೆ ಬಾಯಿಪಾಠ.

ಜುಲೈ 13, ಶನಿವಾರ

ಕೆಟ್ಟ ದಿನ. ಪೂರ್ತಿ ದೂರ ಪ್ರಯತ್ನಿಸಿದಳು. ಅರ್ಧಕ್ಕೆ ಕಾಲಿನ ಮೀನಖಂಡ ಹಿಡಿದುಕೊಂಡಿತು. ದೋಣಿಯಮ್ಮ ಎಳೆದು ದೋಣಿಗೆ ಹಾಕಿಕೊಂಡು ಬಂದಳು. ದಡಕ್ಕೆ ಬಂದವಳು ನಡುಗುತ್ತಿದ್ದಳು. ಮನೆಗೆ ಬಂದ ಮೇಲೆ ಹೇಳಿದಳು:

"ಹೆಸರು ತೆಗೆಸಿಬಿಡ್ತೀನಿ. ನೀನು ಹೇಳಿದ್ದೇ ಸರಿ. ಈ ವಯಸ್ಸಿಗೆ ಇದೆಲ್ಲ..."

"ನಾನು ಯಾವಾಗ ಹೇಳಿದೆ?"

"ಮೇ ತಿಂಗಳಲ್ಲಿ. ಜನ ನಗ್ತಾರೆ ಅಂದೆ."

"ನಗೋರು ಮೊದಲು ಅರ್ಧ ಕೆರೆ ಈಜಿ ತೋರಿಸ್ಲಿ, ಆಮೇಲೆ ನಗ್ಲಿ" ಎಂದೆ. ಧ್ವನಿ ಸ್ವಲ್ಪ ಜೋರಾಯಿತು. "ನೋಡು, ಗೋಡೇನ ಒಂದೇ ದಿನಕ್ಕೆ ಮೇಲೆ ಮುಟ್ಟಿಸಲ್ಲ. ನಾಲ್ಕು ಅಡಿ ಎತ್ತಿ ಬಿಡ್ತೀವಿ. ಅದು ಬಿಗಿಯಾಗ್ಬೇಕು. ಮಾರನೇ ದಿನ ಮತ್ತೆ. ಸುಸ್ತಾದ್ರೆ ಅಂಗಾತ ಮಲಗು ನೀರಿನ ಮೇಲೆ. ಅದೇನು ತಪ್ಪಲ್ಲ."

"ನನ್ನ ಗೋಡೆ ಮಾಡ್ಬೇಡ" ಎಂದಳು. ಆದರೆ ನಕ್ಕಳು. ಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಟ್ಟೆ.

ಜುಲೈ 21, ಭಾನುವಾರ

ಬರೆಯಲು ಬಹಳ ಇದೆ.

ಬೆಳಿಗ್ಗೆ ಏಳಕ್ಕೆ ಕೆರೆಯ ದಡದಲ್ಲಿದ್ದೆವು. ಒಟ್ಟು ನಲವತ್ತಮೂರು ಜನ, ಹೆಚ್ಚಿನವರು ಅವಳ ಅರ್ಧ ವಯಸ್ಸಿನವರು. ಎಲ್ಲರಿಗೂ ಹಳದಿ ಟೋಪಿ ಕೊಟ್ಟರು, ಮೊದಲ ಸಲ ದಾಟುವವರಿಗೆ ಮಾತ್ರ ಕೆಂಪು. ಕೆಂಪು ಐದೇ ಇದ್ದವು. ಅವಳು ನನ್ನ ಮುಂದೆ ಕೈ ಚಾಚಿದಳು. ಬೆರಳುಗಳು ನಡುಗುತ್ತಿದ್ದವು.

"ಚಳಿ" ಎಂದೆ.

"ಚಳಿ ಅಲ್ಲ, ಹೆದರಿಕೆ. ಇರ್ಲಿ ಬಿಡು. ಹೆದರ್ಕೊಂಡೇ ಹೋಗ್ತೀನಿ."

ಸೀಟಿ ಊದಿದರು. ನೀರು ಕಲಕಿ ನೊರೆಯಾಯಿತು. ಐದು ನಿಮಿಷದಲ್ಲಿ ಹಳದಿ ಟೋಪಿಗಳೆಲ್ಲ, ಉಳಿದ ನಾಲ್ಕು ಕೆಂಪೂ ಮುಂದೆ ಹೋಗಿ, ಹಿಂದೆ ಒಂದೇ ಒಂದು ಕೆಂಪು ಟೋಪಿ ಉಳಿಯಿತು. ಅದರ ಹಿಂದೆ ಸ್ವಲ್ಪ ದೂರದಲ್ಲಿ ದೋಣಿಯಮ್ಮನ ದೋಣಿ. ನೋಡಲು ಬಂದಿದ್ದ ಜನ ಆಚೆ ದಡಕ್ಕೆ ಹೋಗಲು ಕಾರು ಹತ್ತತೊಡಗಿದರು.

"ಬನ್ನಿ ಮೇಸ್ತ್ರಿಗಳೇ, ಜಾಗ ಇದೆ" ಎಂದರು ಪೋಸ್ಟ್‌ಮಾಸ್ತರರು.

ಕಾರಿನ ರಸ್ತೆ ಕಾಡನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿಂದ ಕೆರೆ ಕಾಣುವುದಿಲ್ಲ. ದಡದ ಕಾಲುದಾರಿಯಲ್ಲಾದರೆ ಮರಗಳ ಸಂದಿಯಿಂದ ಕಾಣುತ್ತಲೇ ಇರುತ್ತದೆ. "ನೀವು ಹೋಗಿ" ಎಂದೆ.

ಕೋಲು ಊರಿಕೊಂಡು ಹೊರಟೆ. ಹತ್ತು ಹೆಜ್ಜೆಗೊಮ್ಮೆ ನೀರಿನ ಕಡೆ ನೋಡುವುದು, ಕೆಂಪು ಟೋಪಿ ಕಂಡರೆ ಮುಂದೆ ಹೋಗುವುದು. ಟೋಪಿ ಏಳುತ್ತಿತ್ತು, ಮುಳುಗುತ್ತಿತ್ತು, ಏಳುತ್ತಿತ್ತು. ಕೆರೆಯ ನಡುವಿಗೆ ಬಂದಾಗ ಗಾಳಿ ಎದ್ದಿತು. ದೊಡ್ಡ ಅಲೆಗಳಲ್ಲ, ಆದರೆ ಮುಖಕ್ಕೆ ಹೊಡೆಯುವಂಥವು. ಟೋಪಿ ನಿಂತುಬಿಟ್ಟಿತು.

ನಾನೂ ನಿಂತೆ. ದೋಣಿ ಹತ್ತಿರ ಬಂತು. ದೋಣಿಯಮ್ಮ ಬಗ್ಗಿ ಏನೋ ಕೇಳಿದಳು. ಒಂದು ಮರ ಹಿಡಿದುಕೊಂಡು ನಾನು ನೋಡುತ್ತಿದ್ದೆ. ಆ ದೋಣಿಗೆ ಕೈ ಕೊಟ್ಟರೆ ಮುಗಿಯಿತು. ಕೊಟ್ಟರೂ ತಪ್ಪಿಲ್ಲ, ಬಂದುಬಿಡು ಎಂದು ಮನಸ್ಸಿನಲ್ಲೇ ಹೇಳಿದೆ. ಅವಳು ನೀರಿನ ಮೇಲೆ ಅಂಗಾತ ತಿರುಗಿದಳು. ಸುಮ್ಮನೆ ಆಕಾಶ ನೋಡುತ್ತ ಮಲಗಿದಳು. ಆಮೇಲೆ ಒಂದು ಕೈ ಮೇಲೆದ್ದಿತು. ಸಹಾಯ ಕೇಳುವ ಕೈಯಲ್ಲ. ನೊಣ ಓಡಿಸುವ ಹಾಗೆ ಬೀಸಿ ದೋಣಿಯನ್ನು ಆಚೆ ಕಳಿಸಿದಳು. ಮತ್ತೆ ಬೋರಲಾಗಿ ತಿರುಗಿ, ಒಂದು, ಎರಡು, ಮೂರು, ಉಸಿರು.

ನಾಯಿ ಕರೆದುಕೊಂಡು ಬರುತ್ತಿದ್ದ ಗಂಡ ಹೆಂಡತಿ ನನ್ನನ್ನು ನೋಡಿ ನಿಂತರು. "ಏನಾಯ್ತು, ಆರಾಮಿದೀರಾ?" ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರಿತ್ತೋ ಏನೋ.

"ಅಲ್ಲಿ ನೋಡಿ, ಕೆಂಪು ಟೋಪಿ. ನನ್ನ ತಂಗಿ. ಅರವತ್ತೆರಡು ವರ್ಷ. ಏಪ್ರಿಲ್‌ನಲ್ಲಿ ಈಜೋಕೇ ಬರ್ತಿರ್ಲಿಲ್ಲ" ಎಂದೆ. ಅವರೂ ನಿಂತು ನೋಡಿದರು. ಮುಂದೆ ಹಣ್ಣು ತಿನ್ನುತ್ತ ಕೂತಿದ್ದ ಒಬ್ಬ ಅಜ್ಜನಿಗೂ ಹೇಳಿದೆ. ಓಡುತ್ತ ಬಂದ ಒಬ್ಬಳನ್ನು ನಿಲ್ಲಿಸಿಯೂ ಹೇಳಿದೆ, ಪಾಪ, ಅವಳ ಓಟ ಕೆಟ್ಟಿತು.

ಅವಳು ನೆಲ ಮುಟ್ಟಿದಾಗ ನಾನಿನ್ನೂ ಎರಡು ತಿರುವು ಹಿಂದಿದ್ದೆ. ಮರಗಳ ನಡುವಿನಿಂದ ಕಂಡಿತು. ಎದ್ದು ನಿಲ್ಲಲು ಹೋಗಿ ಮಂಡಿಯೂರಿ ಕುಸಿದಳು. ಇಬ್ಬರು ಕೈ ಕೊಡಲು ಮುಂದೆ ಬಂದರು. ಅವಳು ಬೇಡವೆಂದು ತಲೆಯಾಡಿಸಿದಳು. ನೀರಿನಲ್ಲಿ ಎರಡೂ ಕೈ ಊರಿ, ತಾನೇ ಎದ್ದು, ತಾನೇ ನಡೆದು ಮೇಲೆ ಬಂದಳು. ಚಪ್ಪಾಳೆ ಕೇಳಿಸಿತು. ನಾನು ಇದ್ದಲ್ಲೇ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದೆ.

ನಾನು ಹೋಗುವಷ್ಟರಲ್ಲಿ ಅವಳು ಯಾರದೋ ಕಂಬಳಿ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ತುಟಿ ನೀಲಿ. ಕಣ್ಣು ಮಾತ್ರ ಒಂಬತ್ತು ವರ್ಷದವಳದ್ದು.

"ಎಷ್ಟೊತ್ತಣ್ಣ ಬರೋದು? ಕಾದು ಕಾದು ಸಾಕಾಯ್ತು."

ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು, "ಒದ್ದೆ ತಲೇಲಿ ಗಾಳಿಗೆ ಕೂರ್ಬೇಡ" ಎಂದಷ್ಟೇ.

ಪಟ್ಟಿ ಹಿಡಿದಿದ್ದವರು ಬಂದು ಗುರುತು ಹಾಕಿಕೊಂಡರು. ಐವತ್ತೆರಡು ನಿಮಿಷ. "ಇವರೇ ಕೊನೆಯವರಾ?" ಎಂದು ಕೇಳಿದರು.

"ಹೌದು. ಹೊರಟು ಐವತ್ತಮೂರು ವರ್ಷ ಆಯ್ತು" ಎಂದೆ. ಅವರಿಗೆ ಏನು ಅರ್ಥವಾಯಿತೋ.

ಜುಲೈ 23, ಮಂಗಳವಾರ

ಕಾಲು ಊದಿದೆ. ಫಿಸಿಯೋ ಮೇಡಂ ಭಾನುವಾರದ ಹೆಜ್ಜೆ ಎಷ್ಟು ಎಂದು ಕೇಳಿದರು. ಭಾನುವಾರ ನಡೆಯಲು ಪುರುಸೊತ್ತಾಗಲಿಲ್ಲ, ಕೆರೆಯ ಹತ್ತಿರ ಇದ್ದೆ ಎಂದು ಹೇಳಿದೆ.

"ಯಾವ ಕಡೆ ಇದ್ರಿ?"

"ಮೊದಲು ಈ ಕಡೆ, ಆಮೇಲೆ ಆ ಕಡೆ."

ಅವರು ಜೋರಾಗಿ ನಕ್ಕು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ನಗುವಂಥದ್ದೋ.

ಜುಲೈ 25, ಗುರುವಾರ

ಡಾಕ್ಟರು ನೋಡಿದರು. ಸರಿಯಾಗಿದೆ ಎಂದರು. ಆಸ್ಪತ್ರೆಯಿಂದ ಮಗಳೂ ಮನೆಗೆ ಬಂದಳು. ಕೆರೆಯ ಕಥೆ ಶುರುವಿನಿಂದ ಹೇಳಿದೆ. ಗಾಳಿ ಎದ್ದದ್ದು, ದೋಣಿಗೆ ಕೈ ಬೀಸಿದ್ದು, ಮಂಡಿಯೂರಿ ಎದ್ದದ್ದು. ಅವಳ ಅತ್ತೆ ಮಧ್ಯೆ ಮಧ್ಯೆ "ಸಾಕು ಬಿಡೋ" ಎನ್ನುತ್ತಿದ್ದಳು. ನಾನು ಬಿಡಲಿಲ್ಲ.

ಎಲ್ಲ ಕೇಳಿದ ಮೇಲೆ ಮಗಳು ಕೇಳಿದಳು: "ಸರಿ ಅಪ್ಪ, ಅವ್ರಿಗೆ ಏನು ಹೇಳ್ಲಿ?"

"ಯಾರಿಗೆ?"

"ಫ್ಲಾಟಿನವರಿಗೆ."

"ಯಾವ ಫ್ಲಾಟು?" ಎಂದೆ. ನಿಜವಾಗಿಯೂ ಒಂದು ಕ್ಷಣ ಹೊಳೆಯಲಿಲ್ಲ. ಮಗಳು ಅತ್ತೆಯ ಮುಖ ನೋಡಿದಳು, ಅತ್ತೆ ಮಗಳ ಮುಖ ನೋಡಿದಳು.

ಜುಲೈ 27, ಶನಿವಾರ

ತಂಗಿ ನಿನ್ನೆ ಪೆಟ್ಟಿಗೆ ತೆಗೆದು ಬಟ್ಟೆ ಮಡಿಸಿಡತೊಡಗಿದಳು. ನನಗೆ ವಾಸಿಯಾಯಿತಲ್ಲ, ಇನ್ನು ಅವಳ ಊರಿಗೆ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದೆ:

"ಮೇಲೆ ಒಂದು ಕೋಣೆ ಖಾಲಿ ಇದೆ."

"ಗೊತ್ತು."

"ಕೆರೆ ಹತ್ರ."

"ಅದೂ ಗೊತ್ತು." ಲೋಟ ಕೆಳಗಿಟ್ಟಳು. "ನೀನು ಹೇಳ್ತಾ ಇದೀಯೋ, ಕೇಳ್ತಾ ಇದೀಯೋ?"

ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಸಿಮೆಂಟಿನ ಅಂಗಡಿಯವನನ್ನೂ ಕೇಳಲಿಲ್ಲ, ಕಳಿಸು ಎಂದೇ ಹೇಳಿದವನು. ನನ್ನ ಲೋಟವನ್ನೂ ಕೆಳಗಿಟ್ಟೆ.

"ಕೇಳ್ತಾ ಇದೀನಿ."

"ನಿನ್ನ ಆರೈಕೆಗೆ ಅಂತ ನಾನಿರಲ್ಲ."

"ಯಾರಿಗೆ ಬೇಕು ಆರೈಕೆ?"

"ಯೋಚನೆ ಮಾಡ್ತೀನಿ" ಎಂದು ಟವೆಲು ತೆಗೆದುಕೊಂಡು ಹೊರಟಳು.

ಮೇಲಿನ ಕೋಣೆ ಹೆಂಡತಿ ಹೋದ ಮೇಲೆ ಮುಚ್ಚಿಯೇ ಇತ್ತು. ಸ್ವಲ್ಪ ಗಾಳಿಯಾಡಲಿ ಎಂದು ಹತ್ತಿ ಹೋಗಿ ಕಿಟಕಿ ತೆರೆದೆ. ಕಾಡಿನ ತಲೆಯ ಮೇಲಿಂದ ಕೆರೆಯ ಒಂದು ಚೂರು ಕಂಡಿತು, ಅಂಗೈಯಷ್ಟು. ಆ ಚೂರಿನ ನಡುವೆ ಒಂದು ಕಪ್ಪು ಚುಕ್ಕೆ ಚಲಿಸುತ್ತಿತ್ತು. ಎಷ್ಟು ನಿಧಾನ, ಎಷ್ಟು ನೇರ! ದಾರ ಹಿಡಿದು ಎಳೆದ ಹಾಗೆ. ಪೋಸ್ಟ್‌ಮಾಸ್ತರರು ಕೆಳಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರನ್ನೂ ಅವರ ಹೆಂಡತಿಯನ್ನೂ ಮೇಲೆ ಕರೆದೆ.

"ನೋಡಿ, ನೋಡಿ. ಅದೇ ನನ್ನ ತಂಗಿ. ಕೈ ಎತ್ತೋ ರೀತಿ ನೋಡಿದ್ರೇನೇ ಗೊತ್ತಾಗುತ್ತೆ. ಈ ಬಡಾವಣೇಲಿ ಇನ್ಯಾರೂ ಹಾಗೆ ಎತ್ತಲ್ಲ."

ಇಬ್ಬರೂ ಕಿಟಕಿಗೆ ಬಾಗಿ, ಹಣೆಗೆ ಕೈಯಡ್ಡ ಹಿಡಿದು, ಹೌದು ಹೌದು ಎಂದರು. ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದ ಸದ್ದಾಯಿತು. ತಂಗಿ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು.

"ಅದು ಬಾತುಕೋಳಿ ಅಣ್ಣ" ಎಂದಳು.

ಪೋಸ್ಟ್‌ಮಾಸ್ತರರು ಗೋಡೆ ಹಿಡಿದು ನಕ್ಕರು. ತಂಗಿ ನಗಲಿಲ್ಲ. ಒಳಗೆ ಬಂದು ಕಿಟಕಿಯ ಅಂಚಿನ ಮೇಲೆ ಒಂದು ಬೆರಳು ಎಳೆದಳು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಇಷ್ಟು ಧೂಳಲ್ಲಿ ನಾನು ಮಲಗಲ್ಲ. ಪೊರಕೆ ಎಲ್ಲಿದೆ?"